ಗುಡ್ಡದ ಮ್ಯಾಲ ಮಾಮಾನ ಡೇರೆ

ನನ್ನ ಮಾಮಾನಿಗೆ ಗೋಡೆಗಳ ಮೇಲೆ ನಂಬಿಕೆ ಇರಲಿಲ್ಲ. ದೇವರ ಮೇಲಿತ್ತು, ಜೋಳದ ರೊಟ್ಟಿಯ ಮೇಲಿತ್ತು, ತನ್ನ ಮೀಸೆಯ ಮೇಲಂತೂ ಅಪಾರವಾಗಿತ್ತು. ಆದರೆ ಗೋಡೆ? "ನಿಂತಲ್ಲೇ ನಿಲ್ತದ, ಕರದ್ರ ಬರಂಗಿಲ್ಲ. ಅದರ ಸಂಗಡ ಏನು ಸಂಸಾರ ಮಾಡೋದು?" ಎನ್ನುತ್ತಿದ್ದ. ಅವನು ಸಂಸಾರ ಮಾಡುತ್ತಿದ್ದುದು ಒಂದು ಡೇರೆಯ ಜೊತೆ. ಸುಳ್ಳಲ್ಲ! ಅವನ ಹೆಂಡತಿ, ಅಂದರೆ ನನ್ನ ಅತ್ತಿ, ಮನೆಗೆ ಬಂದವರಿಗೆಲ್ಲ ಮೂಲೆಯಲ್ಲಿ ಸುತ್ತಿಟ್ಟ ಆ ಡೇರೆಯನ್ನು ತೋರಿಸಿ ಹೇಳುತ್ತಿದ್ದಳು: "ಹಿರೇ ಹೆಂಡತಿ ಅಲ್ಲಿ ಕುಂತಾಳ ನೋಡ್ರಿ. ನಾ ಕಿರೇದಾಕಿ, ನೀರು ಕೊಡಾಕಷ್ಟ ಇದ್ದೀನಿ."

ಮಾಮಾ ನನ್ನ ಅವ್ವನ ಅಣ್ಣ. ಹುಟ್ಟಿದ್ದು ಕಿಣ್ಣಿ ಸುಲ್ತಾನ ಎಂಬ ಊರಲ್ಲಿ. ಆದರೆ ನನಗೆ ಬುದ್ಧಿ ಬರುವ ಹೊತ್ತಿಗೆ ಆಳಂದ ತಾಲೂಕಿನ ನಮ್ಮ ಸಣ್ಣ ಹಳ್ಳಿಗೆ ಬಂದು, ನಮ್ಮ ಗೋಡೆಗೆ ಗೋಡೆ ಹಚ್ಚಿದ ಮನೆಯಲ್ಲಿದ್ದ. ಗೋಡೆ ಒಲ್ಲದವನಿಗೆ ಅರ್ಧ ಗೋಡೆ ನಾವೇ ಕೊಟ್ಟಿದ್ದೆವು!

ಡೇರೆ ಬಂದದ್ದು ಹೀಗೆ. ನಿಜಾಮರ ಕಾಲದಲ್ಲಿ ದೊಡ್ಡ ಸಾಹೇಬರು ಹಳ್ಳಿ ಹಳ್ಳಿ ತಿರುಗಲು ದೌರಾ ಹೊರಟರೆ, ಅವರಿಗಿಂತ ಒಂದು ದಿನ ಮೊದಲು ಎತ್ತಿನ ಬಂಡಿಯ ಮೇಲೆ ಡೇರೆ ಹೊರಡುತ್ತಿತ್ತು. ಅದರ ಮುಂದೆ ಮಾಮಾ. ಅಫಜಲಪುರದಿಂದ ಜೇವರ್ಗಿಯವರೆಗೆ ಅವನು ಗೂಟ ಹೊಡೆಯದ ಬಯಲಿಲ್ಲ. ಕೈಕೆಳಗೆ ನಾಲ್ಕು ಆಳು, ತಲೆಯ ಮೇಲೆ ಖಾಕಿ ರುಮಾಲು, ಜನರ ಬಾಯಲ್ಲಿ 'ಜಮಾದಾರ' ಎಂಬ ಹೆಸರು. ಅವನಿಗೆ ಒಂದೇ ಒಂದು ಕಾಯಿದೆ: ಡೇರೆ ಎಬ್ಬಿಸಿದ ಮೇಲೆ ಸುತ್ತಲೂ ಒಂದು ಗೇಣು ಆಳದ ನಾಲಿ ತೋಡಬೇಕು, ಮಳೆ ಬಂದರೆ ನೀರು ಹರಿದು ಹೋಗಲು. ನಾಲಿ ಮುಗಿಯುವವರೆಗೆ ಒಳಗೆ ನರಪಿಳ್ಳೆ ಹೋಗುವಂತಿಲ್ಲ.

ಒಂದು ಸಲ ಜೇವರ್ಗಿಯ ಹತ್ತಿರ, ನಾಲಿ ಇನ್ನೂ ಎರಡು ಮೊಳ ಬಾಕಿ ಇರುವಾಗ ಸಾಹೇಬರ ಕುದುರೆಯೂ ಮಳೆಯೂ ಒಟ್ಟಿಗೇ ಬಂದವು. ಸಾಹೇಬರು ಡೇರೆಯೊಳಗೆ ಕಾಲಿಡಲು ಹೋದರೆ ಮಾಮಾ ಅಡ್ಡ ನಿಂತುಬಿಟ್ಟ. "ಹುಜೂರ್, ಎರಡು ಮೊಳ ಬಾಕಿ ಅದ." ಸಾಹೇಬರು ಮಳೆಯಲ್ಲಿ ನಿಂತರು. ಮಾಮಾ ತೋಡಿದ. ಎರಡು ಮೊಳ ಮುಗಿದ ಮೇಲೆ ಸಲಾಮು ಹೊಡೆದು "ಈಗ ಬರ್ರಿ" ಅಂದ. ತಲೆಯಿಂದ ಪಾದದವರೆಗೆ ತೊಯ್ದ ಸಾಹೇಬರು ಗುಡುಗಿದರು: "ಈ ಹರಕು ಡೇರೆ ತಗೊಂಡು ಹಾಳಾಗಿ ಹೋಗು!"

ಬೇರೆಯವರಾಗಿದ್ದರೆ ಹಾಳಾಗಿ ಅಷ್ಟೇ ಹೋಗುತ್ತಿದ್ದರು. ಮಾಮಾ ಹುಕುಂ ಅಂದರೆ ಹುಕುಂ ಎನ್ನುವ ಮನುಷ್ಯ. ಡೇರೆಯನ್ನೂ ತೆಗೆದುಕೊಂಡು ಹೋದ!

ಊರಿಗೆ ಬಂದ ಮೇಲೆ ಕೈ ಸುಮ್ಮನಿರಬೇಕಲ್ಲ? ಮನೆಯ ಸುತ್ತ ನಾಲಿ ತೋಡಿದ. ದನದ ಕೊಟ್ಟಿಗೆಯ ಸುತ್ತ ತೋಡಿದ. ಒಂದು ದಿನ ಕುಳ್ಳಿನ ಬಣವೆಯ ಸುತ್ತಲೂ ತೋಡಿದ, ಅದರಲ್ಲಿ ಬುಟ್ಟಿ ಸಮೇತ ಅತ್ತಿ ಬಿದ್ದಳು. ನಾವೆಲ್ಲ ಓಡಿಹೋಗಿ ಎಬ್ಬಿಸುತ್ತಿದ್ದರೆ ಮಾಮಾ ನಾಲಿಗೆ ಬಗ್ಗಿ ನೋಡುತ್ತಿದ್ದ. "ಅಂಚು ಕುಸಿದಿಲ್ಲ. ನೋಡು, ಎಷ್ಟು ಗಟ್ಟಿ ಆಗ್ಯದ!"

ಈಗ ಗುಡ್ಡದ ವಿಷಯ. ನಮ್ಮೂರಿನಿಂದ ಎರಡು ಹರದಾರಿ ಪಡುವಣಕ್ಕೆ ಒಂದು ಕಲ್ಲು ಗುಡ್ಡ. ದೊಡ್ಡದೇನಲ್ಲ, ಬೇರೆ ಸೀಮೆಯವರು ನೋಡಿದರೆ ದಿನ್ನೆ ಅಂದಾರು. ಆದರೆ ಸುತ್ತ ಎಲ್ಲ ಎರೆಮಣ್ಣಿನ ಬಯಲು ಇರುವ ನಮಗೆ ಅದೇ ಹಿಮಾಲಯ. ಅದರ ಬೆನ್ನು ನಮ್ಮ ಕಡೆಗೆ, ಹೊಟ್ಟೆ ನಿಜಾಮರ ರಾಜ್ಯದ ಗಡಿಯ ಆಚೆಗೆ, ಬಾಂಬೆ ಸೀಮೆಗೆ. ಆಚೆ ಕಡೆ ಅರ್ಧ ಎತ್ತರದಲ್ಲಿ ಒಂದು ಸಪಾಟು ಜಾಗ: ಮೂರು ದೊಡ್ಡ ಬಂಡೆ, ಎರಡು ಬೇವಿನ ಮರ, ಬಂಡೆಯ ಸಂದಿಯಲ್ಲಿ ಒಂದು ಒರತಿ. ತಂಬಿಗೆ ಇಟ್ಟು ಒಂದು ಹಾಡು ಹೇಳಿ ಮುಗಿಸಿದರೆ ತುಂಬುತ್ತಿತ್ತು. ಅಷ್ಟೇ ಅಲ್ಲಿನ ಸೌಕರ್ಯ. ಉಳಿದದ್ದು ಗಾಳಿ ಮತ್ತು ಚೇಳು.

ನಲವತ್ತೇಳರಲ್ಲಿ ಸ್ವಾತಂತ್ರ್ಯ ಬಂತು. ಬಂತು ಅಂದರೆ, ಗಡಿಕಲ್ಲಿನ ತನಕ ಬಂದು ಅಲ್ಲೇ ನಿಂತಿತು. ಆಚೆಯವರು ಬಾವುಟ ಹಾರಿಸಿದರು. ಈಚೆ ನಾವು ಕತ್ತು ಎತ್ತಿ ನೋಡಿದೆವು. ಆ ಚಳಿಗಾಲದ ಎಳ್ಳ ಅಮಾಸಿಗೆ ಊರವರೆಲ್ಲ ಎಂದಿನಂತೆ ಭಜ್ಜಿ, ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ ಕಟ್ಟಿಕೊಂಡು ಪೂಜೆಗೆಂದು ತಮ್ಮ ತಮ್ಮ ಹೊಲಕ್ಕೆ ಹೊರಟರೆ, ಮಾಮಾ ನಮ್ಮ ಅಂಗಳದಲ್ಲಿ ನಿಂತು ಸಾರಿದ: "ಈ ಸಲ ಗುಡ್ಡಕ್ಕ ಹೋಗೋದು. ಮೂರು ದಿನದ ದೌರಾ!"

"ಗುಡ್ಡದಾಗ ಏನ್ ಬಿತ್ತೀದಿ ಅಣ್ಣಾ?" ಅಂದಳು ಅವ್ವ.

"ಗೂಟ," ಅಂದ ಮಾಮಾ.

ಅಪ್ಪ ಹೊಲದ ನೆಪ ಹೇಳಿ ತಪ್ಪಿಸಿಕೊಂಡ. ಹೊರಟಿದ್ದು ಮಾಮಾ, ಅತ್ತಿ, ಅವ್ವ, ಹತ್ತು ವರ್ಷದ ಹುಡುಗಿ ನಾನು, ಮತ್ತು ದರ್ಜಿ ಚಾಚಾ. ಚಾಚಾ ನಮ್ಮೂರ ಹೆಬ್ಬಾಗಿಲು, ಅಂದರೆ ಅಗಸಿಯ ಪಕ್ಕದಲ್ಲಿ ಅಂಗಿ ಹೊಲಿಯುತ್ತಿದ್ದ ತೆಳ್ಳನೆಯ ಮನುಷ್ಯ, ಮಾಮಾನ ಏಕಮಾತ್ರ ಗೆಳೆಯ. ಅವನು ಯಾಕೆ? ಡೇರೆಯಲ್ಲಿದ್ದ ಹರಕುಗಳನ್ನು ಎಣಿಸಿದವರಿಲ್ಲ, ಅದಕ್ಕೆ. "ಇದು ಡೇರೆ ಅಲ್ಲ ಜಮಾದಾರ್ರ, ಜರಡಿ," ಎಂದು ಚಾಚಾ ಸೂಜಿ ದಾರ ಜೇಬಿಗೆ ಹಾಕಿಕೊಂಡೇ ಬಂಡಿ ಹತ್ತಿದ.

ಬಂಡಿಗೆ ಏನೇನು ಹೇರಬೇಕು, ಏನು ಬೇಡ ಎಂದು ಮಾಮಾ ಹುಕುಂ ಹೊರಡಿಸಿದ. ಅತ್ತಿ ಬೀಸುಕಲ್ಲು ತಂದಾಗ ಹೌಹಾರಿದ. "ದೌರಾಕ್ಕ ಬೀಸುಕಲ್ಲಾ? ನಗ್ತಾರ ಮಂದಿ! ಕೆಳಗ ಇಡು." ಅತ್ತಿ ಕೆಳಗೆ ಇಟ್ಟಳು. ಎಲ್ಲಿ ಕೆಳಗೆ? ಹಾಸಿಗೆ ಸುರುಳಿಯ ಕೆಳಗೆ! ಗುಡ್ಡದ ಬುಡದಲ್ಲಿ ಎತ್ತುಗಳು ಏದುಸಿರು ಬಿಡುತ್ತಿದ್ದರೆ ಮಾಮಾನಿಗೆ ಆಶ್ಚರ್ಯ: "ಎತ್ತು ಮುದಿ ಆಗ್ಯಾವ." ಅತ್ತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

ಮೇಲೆ ಹೋಗಿ ನೋಡಿದರೆ ಸಪಾಟು ಜಾಗದಲ್ಲಿ ಒಂದು ಗೇಣು ಮಣ್ಣು, ಅದರ ಕೆಳಗೆ ಕಲ್ಲು. ಗೂಟ ಅರ್ಧ ಇಳಿಯುತ್ತಿತ್ತು, ಅರ್ಧ ಇಳಿಯುತ್ತಿರಲಿಲ್ಲ. ಹೇಗೋ ಡೇರೆ ಎದ್ದಿತು. ಮಾಮಾ ದೂರ ನಿಂತು ಕಣ್ಣು ಕಿರಿದು ಮಾಡಿ ನೋಡಿ "ವಾಹ್" ಅಂದನೋ ಇಲ್ಲವೋ, ಮಧ್ಯಾಹ್ನದ ಗಾಳಿ ಬಂತು. ಡೇರೆ ಉಬ್ಬಿತು, ಮುಂದಿನ ಗೂಟಗಳು ಟಪ್ ಟಪ್ ಎಂದು ಕಿತ್ತುಕೊಂಡವು. ಹಗ್ಗ ಹಿಡಿಯಲು ಹೋದ ಮಾಮಾ ಎರಡು ಮೊಳ ಮೇಲೆದ್ದು ಇಳಿದ. ನಾನು ಕಣ್ಣಾರೆ ನೋಡಿದ್ದೇನೆ! "ಭಾರ ತರ್ರಿ! ಏನಾರ ಭಾರದ್ದು ತರ್ರಿ!" ಎಂದು ಕೂಗುತ್ತಿದ್ದ. ಅತ್ತಿ ಸಾವಕಾಶವಾಗಿ ಹಾಸಿಗೆ ಸುರುಳಿ ಬಿಚ್ಚಿ, ಬೀಸುಕಲ್ಲಿನ ಒಂದು ಹೋಳನ್ನು ಈ ಹಗ್ಗಕ್ಕೆ, ಇನ್ನೊಂದು ಹೋಳನ್ನು ಆ ಹಗ್ಗಕ್ಕೆ ಹೇರಿದಳು. ಡೇರೆ ನಿಂತಿತು.

"ಏನ್ರಿ, ಮಂದಿ ನಗಾಕತ್ತಾರೇನ್ರಿ?" ಎಂದಳು.

ಮಾಮಾ ನಾಲಿ ತೋಡಲು ಗುದ್ದಲಿ ಹುಡುಕುತ್ತಿದ್ದ.

ಹರಕು ಹೊಲಿಯುವುದು ಇನ್ನೊಂದು ತಮಾಷೆ. ನಿಂತ ಡೇರೆಯನ್ನು ಒಬ್ಬನೇ ಹೊಲಿಯಲಾಗದು. ಚಾಚಾ ಒಳಗಿನಿಂದ ಸೂಜಿ ಚುಚ್ಚಬೇಕು, ಮಾಮಾ ಹೊರಗಿನಿಂದ ಎಳೆದು ತಿರುಗಿ ಒಳಗೆ ಚುಚ್ಚಬೇಕು. ಮಾಮಾ ಸುಮ್ಮನೆ ಹೊಲಿದಾನೆಯೇ? ಹೊರಗೆ ನಿಂತು ಅಫಜಲಪುರದ ದೌರಾದ ಕತೆ ಶುರು ಮಾಡಿದ. ಕತೆ ಭೀಮಾ ನದಿ ದಾಟುವ ಹೊತ್ತಿಗೆ ಸೂಜಿ ಅವನ ಹೆಬ್ಬೆರಳು ದಾಟಿತು. ಅವನು ಚೀರಿದ್ದಕ್ಕೆ ಬೇವಿನ ಮರದ ಗಿಳಿಗಳೆಲ್ಲ ಎದ್ದು ಹೋದವು. ಒಳಗಿನಿಂದ ಚಾಚಾನ ದನಿ: "ಜಮಾದಾರ್ರ, ಡೇರೆಗೆ ಹಾಕೋ ಎರಡು ಹೊಲಿಗಿ ನಿಮ್ಮ ಬಾಯಿಗೆ ಹಾಕಿದ್ರ ಕೆಲಸ ಲಗೂ ಆಗ್ತಿತ್ತು ನೋಡ್ರಿ."

ಮಾಮಾ ಕಾವಲು ಬೇರೆ ಕಾಯುತ್ತಿದ್ದ. ಡೇರೆಯಿಂದ ಯಾರೇ ಹೊರಗೆ ಹೋಗಲಿ, ಎಲ್ಲಿಗೆ ಎಂದು ಹೇಳಿ ಹೋಗಬೇಕು. ಮುಂಜಾನೆ ತಂಬಿಗೆ ಹಿಡಿದು ಹೊರಟ ಅತ್ತಿಯನ್ನೂ ತಡೆದ.

"ಎಲ್ಲಿಗಿ?"

"ಹೊಲಕ್ಕ!" ಅತ್ತಿ ಹಲ್ಲು ಕಡಿದಳು.

"ಯಾವ ಸರ್ವೆ ನಂಬರು?"

ಆ ತಂಬಿಗೆ ಮಾಮಾನ ರುಮಾಲಿಗೆ ಬಡಿದದ್ದರ ಗುರುತು ತಂಬಿಗೆಯಲ್ಲಿ ಬಹಳ ವರ್ಷ ಇತ್ತು.

ಮೂರು ದಿನವಾದ ಮೇಲೆ ಬಿಸಿಲಿಗೆ ಕರಕಾಗಿ, ಗಾಳಿಗೆ ತುಟಿ ಒಡೆದು, ನಾವು ಊರಿಗೆ ಇಳಿದೆವು. ಊರು ಒಂದು ತಿಂಗಳು ನಕ್ಕಿತು. "ಜಮಾದಾರ ಹೆಂಡ್ತೀನ ಗುಡ್ಡಕ್ಕ ಏರಿಸ್ಯಾನ" ಎಂದು ಹಾಡು ಕಟ್ಟಲು ಮಾತ್ರ ಬಾಕಿ.

ಮುಂದಿನ ಬೇಸಿಗೆಯ ಹೊತ್ತಿಗೆ ಆ ನಗು ಎಲ್ಲಿ ಹೋಯಿತೋ. ನಿಜಾಮರ ಪರ ಆಯುಧ ಹಿಡಿದ ಗುಂಪುಗಳು ಹಳ್ಳಿಗಳಿಗೆ ಬರುತ್ತಿವೆ, ಕಣಜ ದೋಚುತ್ತಿವೆ, ಮನೆಗೆ ಬೆಂಕಿ ಹಾಕುತ್ತಿವೆ ಎಂಬ ಸುದ್ದಿ ಮೊದಲು ದೂರದಿಂದ ಬಂತು, ಆಮೇಲೆ ಹತ್ತಿರದಿಂದ ಬಂತು. ಒಂದು ಮುಂಜಾನೆ ಪಕ್ಕದ ಊರಿನ ಜನ ಮಕ್ಕಳನ್ನು ಬಗಲಲ್ಲಿ ಎತ್ತಿಕೊಂಡು ನಮ್ಮ ಅಗಸಿಯ ಮುಂದೆಯೇ ಗಡಿಯ ಕಡೆ ನಡೆದು ಹೋದರು. ಅಪ್ಪ ಅಂಗಳದಲ್ಲಿ ನಿಂತು, "ನಾವು ಎಲ್ಲಿ ಹೋಗೋಣು? ಅತ್ಲಾಕಡಿ ನಮ್ಮವರು ಯಾರದಾರ?" ಅಂದ. ಅಪ್ಪನ ದನಿ ಹಾಗೆ ಒಡೆದದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

ಗೋಡೆಯ ಆಚೆಯಿಂದ ಮಾಮಾ ಕೂಗಿದ: "ಬಂಡಿ ಹೂಡ್ರಿ. ಅರ್ಧ ತಾಸಿನಾಗ ಹೊರಡೋದು."

ಅರ್ಧ ತಾಸಲ್ಲಿ ಅವನು ಸಿದ್ಧನಾಗಿದ್ದ. ಯಾಕೆ ಆಗಬಾರದು? ವರ್ಷಗಟ್ಟಲೆಯಿಂದ ಸಿದ್ಧನಾಗಿಯೇ ಇದ್ದನಲ್ಲ! ಈ ಸಲ ಅತ್ತಿ ಬೀಸುಕಲ್ಲು ತಂದಾಗ ಮಾಮಾ ತಾನೇ ಎತ್ತಿ ಬಂಡಿಗೆ ಹಾಕಿದ.

ನಮ್ಮ ಹಿಂದೆ ಇನ್ನೂ ಐದು ಮನೆಯವರು ಬಂದರು. ನಕ್ಕವರೇ ಎಲ್ಲ. ಗುಡ್ಡದ ಸಪಾಟಿನಲ್ಲಿ ಗಂಟು ಮೂಟೆ ಇಳಿಸಿ, ಮುಂದೇನು ಎಂದು ತಿಳಿಯದೆ, ಜಾತ್ರೆಯಲ್ಲಿ ತಪ್ಪಿಸಿಕೊಂಡ ಮಕ್ಕಳ ಹಾಗೆ ನಿಂತುಬಿಟ್ಟರು. ಮಾಮಾ ಒಲೆಯ ಬೂದಿ ಹಿಡಿದು ನೆಲದ ಮೇಲೆ ಗೆರೆ ಎಳೆಯತೊಡಗಿದ. "ಇದು ನಿಮ್ಮ ಮನಿ. ಇದು ಗಲ್ಲಿ. ಇದು ದನದ ಕೊಟ್ಟಿಗಿ. ಒರತಿ ನೀರು ಮೊದಲು ಕುಡ್ಯಾಕ, ಆಮ್ಯಾಲ ಅಡಗಿಗೆ. ಅದರಾಗ ಅರಿಬಿ ಒಗದವರಿಗಿ ದೌರಾದಿಂದ ಬರತರಫ್, ಹೊರಗ!" ಡೇರೆಯಲ್ಲಿ ಬಾಣಂತಿಯರು, ಮುದುಕರು. ಉಳಿದವರಿಗೆ ಜೋಳದ ಕಣಕಿಯ ಗುಡಿಸಲು.

ಚಾಚಾ ಊರಲ್ಲೇ ಉಳಿದ. "ನೀವು ಹೋಗ್ರಿ. ನಿಮ್ಮ ಮನಿ ಕಡಿ ನನ್ನ ಲಕ್ಷ್ಯ ಇರ್ತದ," ಎಂದಿದ್ದ. ನಾಲ್ಕನೆಯ ದಿನ ನೋಡಿದರೆ ಬೆನ್ನಿಗೆ ದೊಡ್ಡ ಹೊರೆ ಹೊತ್ತು ಗುಡ್ಡ ಹತ್ತುತ್ತಿದ್ದಾನೆ. ಗೋಣಿ ಚೀಲಗಳನ್ನು ಬಿಚ್ಚಿ, ಒಂದಕ್ಕೊಂದು ಹೊಲಿದು, ಐದು ದೊಡ್ಡ ಹೊದಿಕೆ ಮಾಡಿ ತಂದಿದ್ದ, ಐದು ಗುಡಿಸಲಿಗೆ.

"ಬರೂ ದಾರ್ಯಾಗ ಯಾರೂ ತಡೀಲಿಲ್ಲೇನು?" ಮಾಮಾ ಕೇಳಿದ.

"ತಡದ್ರು. ಯಾರಿಗಿ ಒಯ್ಯಾಕತ್ತೀದಿ ಅಂದ್ರು. ಎತ್ತಿನ ಮೈಮ್ಯಾಲ ಹಾಕೋ ಜೂಲ ಅಂದೆ." ಚಾಚಾ ಗುಡಿಸಲುಗಳ ಕಡೆ ನೋಡಿ ನಕ್ಕ. "ಸುಳ್ಳ ಹೇಳಿಲ್ಲ. ನಿಮ್ಮನ್ನ ನೋಡಿದ್ರ ಗೊತ್ತಾಗ್ತದ."

ಎಲ್ಲ ಗುಡಿಸಲಿನ ಸುತ್ತ ನಾಲಿ ಆಗಲೇಬೇಕೆಂದು ಮಾಮಾ ಹಟ ಹಿಡಿದ. ಬಿಸಿಲು ಧಗಧಗ, ನೆಲ ಕಲ್ಲು, ಜನರ ಮನಸ್ಸಿನಲ್ಲಿ ಬಿಟ್ಟು ಬಂದ ಮನೆ. "ಬಾಂಬೆ ಸೀಮೀಗಿ ಬಂದು ನಾಲಿ ತೋಡಬೇಕೇನಪಾ?" ಎಂದು ಒಬ್ಬ ಮುದುಕಪ್ಪ ಗೊಣಗಿದ. ಇವನು ನಮ್ಮೂರಿನ ಹಿರಿಯ. ಬಾಯಿ ಸೊಟ್ಟ, ಮಾತು ಇನ್ನೂ ಸೊಟ್ಟ. ಆದರೂ ತೋಡಿದರು. ಮಿರಗದ ಮಳೆ ಒಂದು ಮಧ್ಯಾಹ್ನ ಆಕಾಶ ಹರಿದಂತೆ ಬಂತು. ಮೇಲಿನ ಬಂಡೆಗಳಿಂದ ಕೆಂಪು ನೀರು ಧುಮುಕಿ ಬಂತು, ನಮ್ಮ ಹಟ್ಟಿಯ ಹತ್ತಿರ ಬಂತು, ನಾಲಿಗೆ ಬಿತ್ತು, ತಿರುಗಿತು, ಪಕ್ಕದಲ್ಲಿ ಸುಮ್ಮನೆ ಹರಿದು ಕೆಳಗೆ ಹೋಯಿತು. ಒಳಗೆ ಒಂದು ಚಾಪೆ ತೊಯ್ಯಲಿಲ್ಲ. ಮಾಮಾ ಮಾತ್ರ ಹೊರಗೆ ಮಳೆಯಲ್ಲಿ ನಿಂತು, ನಾಲಿಯಲ್ಲಿ ಹರಿಯುವ ನೀರನ್ನು ನೋಡುತ್ತ ಸಣ್ಣ ಮಗುವಿನಂತೆ ಕುಣಿಯುತ್ತಿದ್ದ.

ಗುಡಿಸಲಿನಿಂದ ತಲೆ ಹೊರಗೆ ಹಾಕಿದ ಮುದುಕಪ್ಪ ಕೂಗಿದ: "ಜಮಾದಾರಾ, ಒಳಗ ಬಾರೋ! ಎರಡು ಮೊಳ ಬಾಕಿ ಅದ ಏನು?"

ಆ ದಿನ ಗುಡ್ಡವೆಲ್ಲ ನಕ್ಕಿತು. ತಿಂಗಳಿನ ಮೇಲೆ ಮೊದಲ ಸಲ.

ದಿನಗಳೆಲ್ಲ ಹಾಗೆ ಇರಲಿಲ್ಲ. ಒಂದು ಬೆಳಿಗ್ಗೆ ಗುಡ್ಡದ ನೆತ್ತಿಯ ಆಚೆ, ಮೂಡಣದ ಬಯಲಿನ ಕಡೆಯಿಂದ ಕಪ್ಪು ಹೊಗೆ ಎದ್ದಿತು. ಅದು ಮಟಕಿ ಊರಿನ ಕಡೆಯೋ, ನಮ್ಮೂರೋ, ಯಾವ ಊರೆಂದು ತಿಳಿಯಲಿಲ್ಲ. ಹೆಂಗಸರು ಸಾಲಾಗಿ ನಿಂತು ನೋಡುತ್ತಿದ್ದರು, ಯಾರೂ ಅಳುತ್ತಿರಲಿಲ್ಲ. ಆಗ ಮಾಮಾ ಹುಕುಂ ಕೊಟ್ಟ: ಎಲ್ಲ ಗೂಟ ಕಿತ್ತು ಮತ್ತೆ ಹೊಡೆಯಬೇಕು, ಎಲ್ಲ ಹಗ್ಗ ಬಿಚ್ಚಿ ಮತ್ತೆ ಕಟ್ಟಬೇಕು! ಅಪ್ಪ ಸಿಟ್ಟಿನಿಂದ ಗದರಿದ. "ಊರು ಸುಡಾಕತ್ತದ, ನಿನಗ ಗೂಟದ ಚಿಂತಿ ಏನು?" ಮಾಮಾ ಬಗ್ಗಿದ ತಲೆ ಎತ್ತದೆ ಗೂಟ ಕೀಳುತ್ತಿದ್ದ. ನಾನು ಹತ್ತಿರ ಹೋಗಿ ಕೂತಾಗ ಮೆಲ್ಲಗೆ ಅಂದ: "ಕೈ ಸುಮ್ಮನಿದ್ರ ಕಣ್ಣು ಹೊಗಿ ಕಡಿ ಹೋಗ್ತಾವ ಯವ್ವಾ. ಹಗ್ಗ ಹಿಡಿ." ನಾನು ಹಿಡಿದೆ. ಸ್ವಲ್ಪ ಹೊತ್ತಿಗೆ ಅವ್ವ ಬಂದು ಹಿಡಿದಳು. ಆಮೇಲೆ ಅಪ್ಪನೂ ಬಂದ. ಸಂಜೆಯ ಹೊತ್ತಿಗೆ ಗುಡ್ಡದ ಮೇಲೆ ಒಂದು ಹಗ್ಗವೂ ಸಡಿಲ ಇರಲಿಲ್ಲ.

ಭಾದ್ರಪದದಲ್ಲಿ ಭಾರತದ ದಂಡು ಬಂತು, ನಿಂತಿದ್ದ ಸ್ವಾತಂತ್ರ್ಯ ಗಡಿಕಲ್ಲು ದಾಟಿ ನಮ್ಮ ಕಡೆಗೂ ಬಂತು. ನಾವು ಹಾಡುತ್ತ ಇಳಿದೆವು. ನಮ್ಮೂರಲ್ಲಿ ಎರಡು ಮನೆ ಸುಟ್ಟಿದ್ದವು. ನಮ್ಮ ಮನೆ ಇತ್ತು. ಕೀಲಿ ಹಾಗೇ ಇತ್ತು. ಅಂಗಳ ಯಾರೋ ಗುಡಿಸಿದಂತಿತ್ತು. ಯಾರು ಎಂದು ಕೇಳಬೇಕೆ?

ಎಂಟು ದಿನ ಕಳೆದಿರಬೇಕು. ಒಂದು ಮುಂಜಾನೆ ಅತ್ತಿ ಬಾಯಿ ಬಡಿದುಕೊಳ್ಳುತ್ತ ಬಂದಳು: "ನಮ್ಮ ಮನ್ಯಾಗಿನವರು ಇಲ್ಲ. ಡೇರೆನೂ ಇಲ್ಲ! ನಾಲ್ಕು ತಿಂಗಳು ಇದ್ದದ್ದು ಸಾಲದಾತೇನು? ಮತ್ತ ಹುಚ್ಚು ಕೆದರ್ಯದ." ರೊಟ್ಟಿ ಕಟ್ಟಿಕೊಂಡು, ಬೈಯಲು ಶಬ್ದಗಳನ್ನೂ ಕಟ್ಟಿಕೊಂಡು, ನನ್ನನ್ನು ಎಳೆದುಕೊಂಡು ಗುಡ್ಡ ಹತ್ತಿದಳು.

ಡೇರೆ ಅಲ್ಲಿತ್ತು. ಬಾಗಿಲು ಊರಿಗೆ ಬೆನ್ನು ಮಾಡಿತ್ತು. ಒಳಗಿನಿಂದ ಸಣ್ಣ ಮಗುವಿನ ಕೆಮ್ಮು ಕೇಳಿತು. ಅತ್ತಿ ಬೈಯಲು ತೆರೆದ ಬಾಯಿ ಹಾಗೇ ಇಟ್ಟುಕೊಂಡು ಬಗ್ಗಿ ನೋಡಿದಳು. ದರ್ಜಿ ಚಾಚಾ, ಅವನ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ಚಾಚಾನ ಹಣೆಗೆ ಬಟ್ಟೆ ಕಟ್ಟಿತ್ತು.

ಈಗ ಸೇಡಿನ ಸರದಿ ಶುರುವಾಗಿತ್ತು. ಏನೂ ಮಾಡದ ಮುಸಲ್ಮಾನರ ಮನೆಯ ಬಾಗಿಲಿಗೂ ಹೊರಗಿನ ಜನ ಬಂದು ನಿಲ್ಲುತ್ತಿದ್ದರು. ಚಾಚಾನ ಅಂಗಡಿಗೆ ಕಲ್ಲು ಬಿದ್ದಿತ್ತು. ಮಾಮಾ ಯಾರಿಗೂ ಹೇಳದೆ ಬಂಡಿ ಹೂಡಿದ್ದ. ಹೇಳಿದರೆ ಬೇಡ ಎಂದಾರು ಎಂಬ ಅಂಜಿಕೆ ಅವನಿಗೆ.

"ನನಗರ ಹೇಳಬಾರದೇನ್ರಿ?" ಅಂದಳು ಅತ್ತಿ. ಬೈಗುಳ ಎಲ್ಲ ಎಲ್ಲೋ ಬಿದ್ದು ಹೋಗಿತ್ತು. "ಬರೇ ಡೇರೆ ತಂದೀರಿ. ಇವರು ಏನು ಉಣ್ಣಬೇಕು?" ಎಂದು ಗಂಟು ಬಿಚ್ಚಿ, ಸಣ್ಣ ಹುಡುಗಿಯನ್ನು ತೊಡೆಯ ಮೇಲೆ ಕೂಡಿಸಿಕೊಂಡು ರೊಟ್ಟಿ ಮುರಿದಳು.

ಅಂದಿನಿಂದ ನಾನೂ ಅತ್ತಿಯೂ ದಿನಾ ಹತ್ತಿದೆವು. ಅಪ್ಪನಿಗೆ ತಿಳಿಯಿತು, ಮರುದಿನ ಜೋಳದ ಚೀಲ ಹೊತ್ತು ನಮ್ಮ ಹಿಂದೆ ಬಂದ. ಊರಲ್ಲಿ ಹಿರಿಯರು ಕೂತು ಮಾತಾಡಿದರು. ಇಪ್ಪತ್ತು ದಿನಗಳ ಮೇಲೆ, ಇನ್ನು ಬರಬಹುದು ಎಂದು ಅಪ್ಪನೇ ಹೇಳಿದ. ಮಾಮಾ ಡೇರೆ ಸುತ್ತಿ ಬಂಡಿಗೆ ಹಾಕಿದ. ಚಾಚಾ ಕತ್ತಲಾದ ಮೇಲೆ ಹೋಗೋಣ ಅಂದ.

"ಕಳ್ಳರೇನು ನಾವು? ಹಾಡಹಗಲಿ ಹೋಗೋದು," ಅಂದ ಮಾಮಾ.

ಮಟಮಟ ಮಧ್ಯಾಹ್ನ ಊರಿಗೆ ಬಂದೆವು. ಅತ್ತಿ ಚಾಚಿಯ ತಲೆಯ ಮೇಲಿನ ಗಂಟನ್ನು ಇಸಿದುಕೊಂಡು ತನ್ನ ತಲೆಯ ಮೇಲೆ ಇಟ್ಟುಕೊಂಡಿದ್ದಳು. ಅಗಸಿಯ ಕಟ್ಟೆಯ ಮೇಲೆ ಗಂಡಸರೆಲ್ಲ ಕೂತಿದ್ದರು. ಎಲ್ಲರೂ ನಮ್ಮ ಕಡೆ ತಿರುಗಿದರು. ಚಾಚಾನ ಕಾಲು ನಿಂತವು. ಮಾಮಾ ನನ್ನ ಕೈ ಹಿಡಿದುಕೊಂಡ. ಎಂದೂ ಹಾಗೆ ಹಿಡಿದವನಲ್ಲ.

"ಅಂಜಿಕಿ ಬಂದದೇನು ಮಾಮಾ?" ಮೆಲ್ಲಗೆ ಕೇಳಿದೆ.

"ಬಂದದವಾ. ನಿನಗ?"

"ನನಗೂ."

"ಹಂಗಾದ್ರ ಗಟ್ಟಿ ಹಿಡಕೊ," ಅಂದ.

ನಡೆದೆವು. ಕಟ್ಟೆಯ ಮೇಲಿನಿಂದ ಸೊಟ್ಟ ಬಾಯಿಯ ಮುದುಕಪ್ಪ ಇಳಿದು ಬಂದು ಚಾಚಾನ ಎದುರಿಗೆ ನಿಂತ. ಮೇಲಿಂದ ಕೆಳಗೆ ನೋಡಿದ. ತನ್ನ ಅಂಗಿಯ ತೋಳು ಎತ್ತಿ, ಬಗಲಿನ ಹರಕು ತೋರಿಸಿದ.

"ದರ್ಜಿ, ಎಷ್ಟು ದಿನ ಆತೋ ಇದು ಹರದು. ಎಲ್ಲಿ ಹೋಗಿದ್ದಿ? ನಾಳಿ ತರ್ಲ್ಯಾ?"

ಚಾಚಾ ಹಣೆಯ ಬಟ್ಟೆ ಮುಟ್ಟಿಕೊಂಡ, ಆ ಹರಕಿನ ಮೇಲೆ ಬೆರಳಾಡಿಸಿದ.

"ನಾಳಿ ಯಾಕ್ರಿ? ಇವತ್ತೇ ತರ್ರಿ," ಅಂದ.

ಮಾಮಾ ಇನ್ನೊಂದು ಕೈಯಿಂದ ಮೀಸೆ ತಿರುವಿದ. ಆದರೂ ಮನೆ ಬರುವವರೆಗೆ ಅವನು ನನ್ನ ಕೈ ಬಿಡಲಿಲ್ಲ.